ಡಬ್ಬಿ ಸಣ್ಣದಾದರೆ ಸಾಲದು ಪುಟ್ಟಿ

ತುಮಕೂರು, ಭಾನುವಾರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಏನು ಹೇಳಿದರೂ ‘ಹ್ಞೂಂ ದೊಡ್ಡಪ್ಪ’ ಅಂತ ಮುಗಿಸಿಬಿಡ್ತೀಯ, ಅದಕ್ಕೇ ಈ ಕಾಗದ.

ನಿನ್ನ ರಾಕೆಟ್ಟಿನ ಇ-ಬೇ, ಅಂದರೆ ಎಲೆಕ್ಟ್ರಾನಿಕ್ಸ್ ಕೂರಿಸುವ ಡಬ್ಬಿಯ ನಕ್ಷೆ ಕಳಿಸಿದ್ದೀಯಲ್ಲ, ಅದನ್ನು ಭೂತಗನ್ನಡಿ ಹಿಡಿದು ನೋಡಿದೆ. ಗೇಣುದ್ದವೂ ಇಲ್ಲದ ಕಪ್ಲರ್ ಕೊಳವೆಯೊಳಗೆ ಎರಡು ಆಲ್ಟಿಮೀಟರ್, ಎರಡು ಬ್ಯಾಟರಿ, ಜಿಪಿಎಸ್, ರೇಡಿಯೋ, ಎಲ್ಲವನ್ನೂ ಕೂರಿಸಿದ್ದೀಯ. ಇನ್ನೂ ಎರಡು ಸೆಂಟಿಮೀಟರ್ ಉಳಿಸೋದು ಹೇಗೆ ಅಂತ ಕೇಳಿದ್ದೀಯ. ನನ್ನ ಮಾತು ಕೇಳೋದಾದರೆ ಉಳಿಸಬೇಡ.

ನಾನು ಸಣ್ಣದರ ವಿರೋಧಿಯೇನಲ್ಲ, ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅನ್ನ ತಿಂದವನು. ಎಚ್‌ಎಂಟಿ ಜನತಾ ವಾಚಿನೊಳಗೆ 17 ಕಲ್ಲು, ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗು, ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳು. ಆದರೂ ಬಸ್‌ಸ್ಟ್ಯಾಂಡ್ ಪಕ್ಕದ ಗೂಡಂಗಡಿಯ ರಿಪೇರಿಯವನು ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ ಕೊಡ್ತಿದ್ದ. ಹಾಗೆ ಬಿಚ್ಚಿ ಜೋಡಿಸೋಕೆ ಆಗದಿದ್ದರೆ ಅದನ್ನು ನಾನು ಅಚ್ಚುಕಟ್ಟು ಅನ್ನಲ್ಲ, ತುರುಕಿದ್ದು ಅಂತೀನಿ. 1978ರಲ್ಲಿ ಶುರುವಾದ ಆ ಫ್ಯಾಕ್ಟರಿಯ ಜಾಗ ಈಗ ಇಸ್ರೋ ಕೈಯಲ್ಲಿದೆ. ಅತ್ತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ. ಊರಿನ ಕೆಲಸ ಕೈಗಡಿಯಾರದಿಂದ ಆಕಾಶಕ್ಕೆ ಹೋಯಿತು, ನಾನು ಮಾತ್ರ ಪಿಂಚಣಿಗೆ ಬಂದೆ!

ಈಗ ವಿಷಯಕ್ಕೆ ಬರ್ತೀನಿ. ರಾಕೆಟ್ ಮೋಟಾರಿನ ಒಟ್ಟು ಇಂಪಲ್ಸ್ 160 ನ್ಯೂಟನ್-ಸೆಕೆಂಡ್ ದಾಟಿದರೆ ಹೈ-ಪವರ್ ಅಂತ ಲೆಕ್ಕ. ಮೇಲೇರಿಸೋದು ಮೋಟಾರಿನ ಪಾಲು. ಯಾರ ತಲೆ ಮೇಲೂ ಬೀಳದಂತೆ ಇಳಿಸೋದು ನಿನ್ನ ಡಬ್ಬಿಯ ಪಾಲು. ತುತ್ತತುದಿಯಲ್ಲಿ ಸಣ್ಣ ಪ್ಯಾರಾಶೂಟ್, ನೆಲ ಇನ್ನೂರು ಮುನ್ನೂರು ಮೀಟರ್ ದೂರ ಇರುವಾಗ ದೊಡ್ಡದು. ಹೈದರ್, ಟಿಪ್ಪು ಕಾಲದವರಿಗೆ ಈ ತಲೆನೋವು ಇರಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಹಳೇ ಬಾವಿಯಲ್ಲಿ ಅವರ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟು ಸಿಕ್ಕವಲ್ಲ, ಅವು ಶತ್ರುವಿನ ಮೇಲೆ ಬಿದ್ದರೆ ಸಾಕಿತ್ತು. ಟಿಪ್ಪು ಸೈನ್ಯದ ಕುಣಿಗಲ್ ಫಾರಮ್ಮಿನ ಕುದುರೆ ವಾಪಸು ಬರಬೇಕಿತ್ತು, ರಾಕೆಟ್ಟು ಬರಬೇಕಿರಲಿಲ್ಲ.

ನಿನ್ನ ಆಲ್ಟಿಮೀಟರ್ ಎತ್ತರ ನೋಡಲ್ಲ, ಗಾಳಿಯ ಒತ್ತಡ ನೋಡುತ್ತೆ. ನಮ್ಮ ತುಮಕೂರಿನ ಮಟ್ಟದಲ್ಲಿ ಒಂದು ಮೀಟರ್ ಏರಿದರೆ ಒತ್ತಡ ಸುಮಾರು 11 ಪ್ಯಾಸ್ಕಲ್ ಇಳಿಯುತ್ತೆ, ಅಷ್ಟೆ. ಆದ್ದರಿಂದ ಡಬ್ಬಿಯೊಳಗಿನ ಗಾಳಿ ಹೊರಗಿನ ಗಾಳಿಯ ಜೊತೆಯಲ್ಲೇ ಇರಬೇಕು. ಕೊಳವೆಯ ಸುತ್ತ ಸಮದೂರದಲ್ಲಿ ಮೂರೋ ನಾಲ್ಕೋ ತೂತು ಕೊರೆ. ಎರಡು ಬೇಡ, ಅಡ್ಡಗಾಳಿ ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಟು ಲೆಕ್ಕ ತಪ್ಪಿಸುತ್ತೆ. ರಾಕೆಟ್ಟಿನ ಮೂತಿಗೆ ತೀರಾ ಹತ್ತಿರವೂ ಬೇಡ. ಒಳಗಿನ ಜಾಗ ಕಡಿಮೆಯಾದಷ್ಟೂ ತೂತು ಸಣ್ಣದಿದ್ದರೆ ಸಾಕು. ಡಬ್ಬಿ ಸಣ್ಣದಾಗಿದ್ದರ ನಿಜವಾದ ಲಾಭ ನನ್ನ ಮಟ್ಟಿಗೆ ಇದೊಂದೇ. ತೂತಿನಿಂದ ಬಿಸಿಲು ನೇರ ಸೆನ್ಸರ್ ಮೇಲೆ ಬೀಳದಂತೆ ನೋಡ್ಕೊ, ಕೆಲವು ಸೆನ್ಸರುಗಳು ಬೆಳಕಿಗೂ ಮೋಸ ಹೋಗ್ತವೆ. ಮುಚ್ಚಳದಲ್ಲಿ ತಂತಿ ಹಾಯುವ ಸಂದುಗಳನ್ನು ಸಿಲಿಕೋನ್ ಹಾಕಿ ಮುಚ್ಚು. ಪ್ಯಾರಾಶೂಟ್ ದೂಡುವ ಮದ್ದಿನ ಹೊಗೆ ಒಳಗೆ ನುಗ್ಗಿದರೆ ಒತ್ತಡ ಏಕಾಏಕಿ ಏರಿ, ರಾಕೆಟ್ಟು ನೆಲಕ್ಕಿಳಿದಿದೆ ಅಂತ ಆ ಯಂತ್ರ ತಿಳಿದುಬಿಡುತ್ತೆ.

ಬ್ಯಾಟರಿ ಬಗ್ಗೆ ಜಗಳ ಮಾಡಿಯಾದರೂ ಹೇಳ್ತೀನಿ. ಹತ್ತು ಜಿ ವೇಗೋತ್ಕರ್ಷದಲ್ಲಿ 45 ಗ್ರಾಮಿನ ಬ್ಯಾಟರಿ 450 ಗ್ರಾಮಿನಷ್ಟು ಭಾರ ಹಾಕುತ್ತೆ, ಅದೂ ಕೆಳಮುಖವಾಗಿ. ಅದರ ತಳ ಗಟ್ಟಿ ಒರಗಿನ ಮೇಲೆ ಕೂತಿರಲಿ, ತಂತಿಯ ಕೊಂಡಿ ಎಳೆಯುವ ಕಡೆಗೆ ಬೇಡ. ಪ್ಯಾರಾಶೂಟ್ ಬಿಚ್ಚುವಾಗಿನ ಜಗ್ಗು ಇನ್ನೊಂದು ದಿಕ್ಕಿನದು, ಹಾಗಾಗಿ ಜಿಪ್ ಟೈ ಎರಡೂ ಕಡೆಗೆ ಬಿಗಿ. ಸ್ವಿಚ್ಚಿನ ಗುಂಡಿ ಕೊಳವೆಯ ಉದ್ದಕ್ಕೆ ಜಾರುವಂತಿರಬಾರದು, ಅಡ್ಡಕ್ಕೆ ಕೂರಿಸು. ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ತಂತಿ ತುದಿಗೆ ಸಾಲ್ಡರ್ ಬಳಿಯಬೇಡ. ಸಾಲ್ಡರ್ ಮೆತ್ತನೆಯ ಲೋಹ, ಒತ್ತಿ ಒತ್ತಿ ಸಡಿಲಾಗುತ್ತೆ.

ರೇಡಿಯೋವನ್ನು ಆ ಡಬ್ಬಿಯಿಂದ ಹೊರಗೆ ಹಾಕು. ಎರಡು ಉಕ್ಕಿನ ಥ್ರೆಡ್ ರಾಡುಗಳ ನಡುವೆ ಆಂಟೆನಾ ಮಡಚಿ ಕೂರಿಸಿದರೆ ಅಲೆಯ ಅರ್ಧ ಅಲ್ಲೇ ಹಾಳು, ಮೇಲಾಗಿ ಅದರ ಗದ್ದಲ ಆಲ್ಟಿಮೀಟರಿಗೂ ತಟ್ಟಬಹುದು. ಫೈಬರ್‌ಗ್ಲಾಸಿನ ಮೂತಿಯೊಳಗೆ ಬೇಕಾದಷ್ಟು ಜಾಗ ಖಾಲಿ ಬಿದ್ದಿದೆ. ಕಾರ್ಬನ್ ಫೈಬರ್ ಮೂತಿ ಆಗಲ್ಲ, ಅದು ಅಲೆಯನ್ನೇ ತಡೆಯುತ್ತೆ. ರಜೆಗೆ ಬಂದಾಗ ಕುಣಿಗಲ್ ಚಿಕ್ಕಮ್ಮನ ಮನೆಗೆ ಹೋಗೋಣ. ದೊಡ್ಡಕೆರೆ ಏರಿಯ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ನೀನು. 866 ಮೆಗಾಹರ್ಟ್ಸಿನ ನಿನ್ನ ಪುಟ್ಟ ರೇಡಿಯೋ ಎಷ್ಟು ದೂರ ಕೇಳುತ್ತೆ ನೋಡೇಬಿಡೋಣ.

ಮದ್ದಿನ ಸಹವಾಸ ಮನೆಯಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಬೇಡವೇ ಬೇಡ. ಅದು ಸ್ಫೋಟಕ ಕಾಯ್ದೆಯ ಕೆಳಗೆ ಬರುವಂಥದ್ದು. ಉಡಾವಣೆಯ ಮೈದಾನದಲ್ಲಿ ಪರವಾನಗಿ ಇರುವವರು ಅದನ್ನು ನೋಡಿಕೊಳ್ಳಲಿ. ಡಬ್ಬಿಯ ಪರೀಕ್ಷೆಗೆ ಮದ್ದು ಬೇಕೂ ಇಲ್ಲ. ಅಗಲ ಬಾಯಿಯ ಉಪ್ಪಿನಕಾಯಿ ಜಾಡಿಯಲ್ಲಿ ಆಲ್ಟಿಮೀಟರ್ ಇಟ್ಟು, ಮದ್ದಿನ ತಂತಿಗಳ ಬದಲು ಹಳೇ ಸೀರಿಯಲ್ ಸೆಟ್ಟಿನ ಎರಡು ಬಲ್ಬು ಸಿಕ್ಕಿಸು. ಎಲ್‌ಇಡಿ ಬೇಡ, ತಂತಿ ಸರಿಯಾಗಿ ಕೂತಿದೆಯಾ ಅಂತ ಆಲ್ಟಿಮೀಟರ್ ನೋಡುವಾಗ ಅದು ತಕರಾರು ಮಾಡುತ್ತೆ. ಕೈಪಂಪಿನಲ್ಲಿ ಗಾಳಿ ಎಳೆದರೆ ರಾಕೆಟ್ಟು ಏರಿದ ಲೆಕ್ಕ. ಮೆಲ್ಲಗೆ ಗಾಳಿ ಬಿಡ್ತಾ ಬಂದರೆ ಮೊದಲ ಬಲ್ಬು, ಸ್ವಲ್ಪ ಹೊತ್ತಿಗೆ ಎರಡನೆಯದು ಹತ್ತಬೇಕು. ವೇಗೋತ್ಕರ್ಷ ನೋಡಿ ಎಚ್ಚರವಾಗುವ ಮಾದರಿ ಈ ಜಾಡಿಗೆ ಬಗ್ಗಲ್ಲ, ಅದರ ಕೈಪಿಡಿ ಓದ್ಕೊ.

2025ರ ಅಕ್ಟೋಬರಿನಲ್ಲಿ ಇನ್-ಸ್ಪೇಸ್‌ನವರ ವಿದ್ಯಾರ್ಥಿ ರಾಕೆಟ್ ಸ್ಪರ್ಧೆ ನಡೆದದ್ದು ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ. ಅಂಥ ಕಡೆ ಬೆಂಗಳೂರಿನ ಎಸ್‌ಪಿ ರೋಡೂ ಇರಲ್ಲ, ಅಂತರಸನಹಳ್ಳಿಯ ಲೇತ್ ಶಾಪೂ ಇರಲ್ಲ. ಬಿಸಿಲಲ್ಲಿ, ಧೂಳಲ್ಲಿ, ನಡುಗುವ ಕೈಯಲ್ಲಿ ಎರಡು ನಟ್ಟು ಬಿಚ್ಚಿ ಡಬ್ಬಿಯೊಳಗಿನ ಹಲಗೆ ಹೊರಗೆಳೆದು, ತಂತಿ ಸರಿಮಾಡಿ ವಾಪಸು ಸೇರಿಸೋಕೆ ಆಗಬೇಕು. ನಿನ್ನ ನಕ್ಷೆಯಲ್ಲಿ ಬೆರಳು ಹೋಗುವಷ್ಟು ಜಾಗ ಎಲ್ಲೂ ಇಲ್ಲ. ಎರಡು ಸೆಂಟಿಮೀಟರ್ ಕಳೆಯೋ ಬದಲು ಕೂಡು.

ಮುಚ್ಚಳ ಹಾಕೋ ಮುಂಚೆ ಒಳಗಿನ ಫೋಟೊ ತೆಗೆದು ನನಗೆ ಕಳಿಸು. ಬ್ಯಾಟರಿ ಮಾತ್ರ ಪ್ರತಿ ಸಲ ಹೊಸದೇ ಹಾಕು, ದುಡ್ಡು ನಾನು ಕೊಡ್ತೀನಿ.

ಇಂತಿ,
ನಿನ್ನ ದೊಡ್ಡಪ್ಪ