ನೀರಿನ ಬಾಬು

ಬೇಸಗೆಯಲ್ಲಿ ದಾರಿಯ ಮಗ್ಗುಲಿಗೆ ಅರವಟ್ಟಿಗೆ ಇಟ್ಟು ಬಾಯಾರಿದವರಿಗೆ ನೀರುಮಜ್ಜಿಗೆ ಕೊಡುವುದು ಪುಣ್ಯವೆಂದು ನಂಬಿದ ಮನೆತನದಲ್ಲಿ ಹುಟ್ಟಿದವನು ನಾನು. ಹಳ್ಳಿಯ ನಮ್ಮ ಮನೆಯ ಹಿತ್ತಿಲಲ್ಲಿ ಸೇದುವ ಬಾವಿಯೊಂದಿದ್ದಿತು. ಹಗ್ಗ ಸವೆದರೆ ಖರ್ಚು, ರಾಟೆ ಮುರಿದರೆ ಖರ್ಚು; ನೀರಿಗೆ ಮಾತ್ರ ಖರ್ಚೆಂಬುದಿರಲಿಲ್ಲ. ತಂದೆಯವರ ಜಮಾಖರ್ಚಿನ ಪುಸ್ತಕದಲ್ಲಿ ಎಣ್ಣೆ, ಉಪ್ಪು, ಹಾಲಿನವಳ ಬಾಕಿ ಎಲ್ಲವೂ ಇದ್ದುವು. ನೀರಿನ ಬಾಬು ಎಂಬುದೊಂದು ಇರಲಿಲ್ಲ. ಅದರಿಂದಲೋ ಏನೋ, ಬೆಂಗಳೂರಿನಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ಮೇಲೂ ನೀರಿನ ಬಿಲ್ಲು ಬಂದ ದಿನ ನನ್ನ ಮನಸ್ಸು ಕೊಂಚ ಮುದುಡಿಕೊಳ್ಳುತ್ತದೆ.

ಹೀಗಿರಲಾಗಿ, 2025ರ ಏಪ್ರಿಲ್ ತಿಂಗಳಲ್ಲಿ ನಗರದ ನೀರಿನ ದರ ಏರಿತೆಂಬ ವರ್ತಮಾನ ಬಂದಾಗ ನಾನು ಸುಮ್ಮನಿರುವುದು ಹೇಗೆ? ಮನೆಬಳಕೆಯ ನೀರಿನಲ್ಲಿ ಮೊದಲ 8,000 ಲೀಟರಿಗೆ ಲೀಟರೊಂದಕ್ಕೆ 0.15 ಪೈಸೆ; ಅಲ್ಲಿಂದ 25,000ದವರೆಗೆ 0.40 ಪೈಸೆ, 50,000ದವರೆಗೆ 0.80 ಪೈಸೆ, ಅದಕ್ಕೂ ಮೀರಿದರೆ ಒಂದು ಪೈಸೆ. ಹಳೆಯ ದರದ ಮೇಲೆ ಇಷ್ಟಿಷ್ಟು ಹೆಚ್ಚಳ. ಪೈಸೆಯ ಚಲಾವಣೆಯೇ ನಿಂತುಹೋಗಿರುವ ಕಾಲದಲ್ಲಿ ಪೈಸೆಯ ಭಿನ್ನರಾಶಿಗಾಗಿ ಇಷ್ಟು ಸಂಕಟವೇಕೆಂದು ವಾಚಕರು ನಗಬಹುದು. ನನ್ನ ಸಂಕಟ ಹಣದ್ದಲ್ಲ. ‘ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ!’ ಎಂಬುದೇ ನನ್ನ ದೂರು.

ಜಲಮಂಡಲಿಯ ಕಷ್ಟ ನನಗೆ ತಿಳಿಯದುದೇನೂ ಅಲ್ಲ. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನೇ ಕರೆತಂದರು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರಕ್ಕೆ ನೀರನ್ನು ವಿದ್ಯುತ್ತಿನ ಬಲದಿಂದ ಏರಿಸಬೇಕು. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತದ ಯೋಜನೆಯೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ತರತಕ್ಕುದು. ವಿದ್ಯುತ್ತಿನ ಬೆಲೆ ಏರುತ್ತಲೇ ಇದ್ದರೂ ನೀರಿನ ದರ 2014ರಿಂದ ಏರಿರಲಿಲ್ಲ. ಹನ್ನೊಂದು ವರ್ಷ ಒಂದೇ ಸಂಬಳದಲ್ಲಿ ಮನೆ ನಡೆಸೆಂದರೆ ಯಾವ ಗೃಹಿಣಿ ನಡೆಸಿಯಾಳು?

ಆದರೂ ಕೇಳಬಹುದಿತ್ತು. ವಿದ್ಯುತ್ತಿನ ದರ ಏರಿಸಬೇಕಾದರೆ 2003ರ ಕಾನೂನಿನ ಪ್ರಕಾರ ಕಂಪನಿಗಳು ತಮ್ಮ ಲೆಕ್ಕವನ್ನು ಆಯೋಗದ ಮುಂದೆ ಇಡಬೇಕು, ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಜನರು ಆಕ್ಷೇಪಣೆ ಬರೆಯಬಹುದು, ವಿಚಾರಣೆಯ ದಿನ ಎದ್ದು ನಿಂತು ಮಾತಾಡಬಹುದು. ನೀರಿನ ದರಕ್ಕೆ ಅಂಥ ಆಯೋಗವಿಲ್ಲ. ಮಂಡಲಿ ಪ್ರಸ್ತಾವಿಸುತ್ತದೆ, ಸರ್ಕಾರ ಒಪ್ಪುತ್ತದೆ, ನಾವು ಕಟ್ಟುತ್ತೇವೆ. ಕೇಳುವ ಪದ್ಧತಿ ಈ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಲ್ಲಿಯೇ ಹುಟ್ಟಿತು. ಹೊಸ ಕರ ಹಾಕುವ ಮುನ್ನ ಆ ಸಭೆಯ ಅಭಿಪ್ರಾಯ ಪಡೆಯತಕ್ಕುದೆಂದು 1923ರಲ್ಲಿ ಕಾನೂನೇ ಆಯಿತು. ಅರಸರ ಕಾಲದಲ್ಲಿ ಇದ್ದ ಮರ್ಯಾದೆ ಪ್ರಜೆಗಳ ಕಾಲದಲ್ಲಿ ಬೇಡವೇ?

ಈ ವಾದಗಳನ್ನೆಲ್ಲ ಪೋಣಿಸಿ ನಾನೊಂದು ಬಿನ್ನವತ್ತಳೆಯನ್ನು ಬರೆದೆ. ಭಾನುವಾರ ಸಂಜೆ ನಮ್ಮ ಬೀದಿಯ ರಾಮಮಂದಿರದ ಹಜಾರದಲ್ಲಿ ಇಪ್ಪತ್ತು ಮಂದಿ ಸೇರಿದ್ದರು. ನಾನು ಕನ್ನಡಕವನ್ನು ಏರಿಸಿಕೊಂಡು ಗಟ್ಟಿಯಾಗಿ ಓದಿದೆ: “ಹಣ ತೆರತಕ್ಕವನಿಗೆ ಮೊದಲು ಲೆಕ್ಕ ತೋರಿಸಬೇಕು, ಅವನ ಮಾತನ್ನು ಕೇಳಬೇಕು, ಆಮೇಲೆ ದರ ಗೊತ್ತುಮಾಡಬೇಕು. ಇದು ದಾಕ್ಷಿಣ್ಯವಲ್ಲ, ನ್ಯಾಯ.” ಎಲ್ಲರೂ ತಲೆದೂಗಿದರು. ಒಬ್ಬೊಬ್ಬರಾಗಿ ರುಜು ಹಾಕತೊಡಗಿದರು.

ನಮ್ಮ ಮನೆಯ ಮೇಲುಮಹಡಿಯಲ್ಲಿ ಬಾಡಿಗೆಗಿರುವ ಹುಡುಗನೂ ಬಂದಿದ್ದ. ಹೆಂಡತಿ, ತಾಯಿಯೊಡನೆ ಮೂವರ ಸಂಸಾರ ಅವನದು. ಬಿನ್ನವತ್ತಳೆಯನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿದ. ರುಜು ಹಾಕಿದ. ಲೇಖನಿಯನ್ನು ನನ್ನ ಕೈಗಿಡುತ್ತ ಮೆಲ್ಲನೆ, “ತುಂಬ ಚೆನ್ನಾಗಿ ಬರೆದಿದ್ದೀರಿ ಸಾರ್” ಎಂದು ನಸುನಕ್ಕು ಹೊರಟುಹೋದ.

ಆ ನಗೆ ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಹೇಳಿದೆ. ನಮ್ಮ ಮನೆಯವರು ಸೊಪ್ಪು ಸೋಸುತ್ತಿದ್ದವರು ತಲೆಯೆತ್ತದೆಯೇ, “ಮೊನ್ನೆ ನೀವು ಅವರ ಬಾಗಿಲ ಕೆಳಗೆ ಚೀಟಿ ತೂರಿಸಿ ಬಂದಿರಲ್ಲ, ಅದನ್ನೂ ಆ ಅರ್ಜಿಯ ಜೊತೆಗೆ ಲಗತ್ತಿಸಿ” ಎಂದರು.

ನನಗೆ ಮುಖಕ್ಕೆ ತಣ್ಣೀರೆರಚಿದಂತಾಯಿತು. ದರ ಏರಿದ ಸುದ್ದಿ ಓದಿದ ಮರುದಿನವೇ ನಾನು ಒಂದು ಚೀಟಿ ಬರೆದಿದ್ದೆ: “ನೀರಿನ ದರ ಏರಿರುವುದರಿಂದ ಮುಂದಿನ ತಿಂಗಳಿನಿಂದ ನೀರಿನ ಬಾಬಿಗೆ ನೂರು ರೂಪಾಯಿ ಹೆಚ್ಚಾಗಿ ಕೊಡುವುದು.” ಲೆಕ್ಕವಿಲ್ಲ, ಮಾತಿಲ್ಲ, ಆಜ್ಞೆ ಮಾತ್ರ. ಆ ಮೂವರ ಪಾಲಿಗೆ ನಾನೇ ಜಲಮಂಡಲಿ, ನಾನೇ ಸರ್ಕಾರ.

ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಹಳೆಯ ಬಿಲ್ಲನ್ನೂ ಪೆನ್ಸಿಲನ್ನೂ ತಂದಿಟ್ಟರು. ಕೆಳಗೆ ನಾವು ಐವರು, ಮೇಲೆ ಮೂವರು; ಎಲ್ಲರಿಗೂ ಒಂದೇ ಮೀಟರು. ತಿಂಗಳಿಗೆ 30,000 ಲೀಟರ್ ನೀರು. ಮೊದಲ 8,000ಕ್ಕೆ ಹೆಚ್ಚಳ 12 ರೂಪಾಯಿ; ಮುಂದಿನ 17,000ಕ್ಕೆ 68; ಉಳಿದ 5,000ಕ್ಕೆ 40. ಒಟ್ಟು 120 ರೂಪಾಯಿ. ಎಂಟು ಮಂದಿಯಲ್ಲಿ ಮೂವರ ಪಾಲು 45. ಒಳಚರಂಡಿಯ ಬಾಬಿನ ಏರಿಕೆಯನ್ನು ಕೂಡಿಸಿದರೂ ಅರುವತ್ತನ್ನು ಮುಟ್ಟಲಿಲ್ಲ. ನಾನು ಹೊರಿಸಿದ್ದುದು ನೂರು!

ಇನ್ನೊಂದು ಸಂಗತಿಯೂ ಆಗ ಕಣ್ಣಿಗೆ ಬಿತ್ತು. ಎರಡು ಸಂಸಾರ ಒಂದೇ ಮೀಟರಿನಲ್ಲಿರುವುದರಿಂದ ನಾವು ಬೇಗ ಬೇಗ ಮೇಲಿನ ಮೆಟ್ಟಿಲಿನ ದರಕ್ಕೆ ಏರುತ್ತೇವೆ. ಮೂವರೇ ಬೇರೆ ಮೀಟರಿನಲ್ಲಿದ್ದಿದ್ದರೆ ಅವರಿಗೆ ಆ ಹೆಚ್ಚಿನ ದರ ತಗಲುತ್ತಿರಲಿಲ್ಲ. ಮಿತವಾಗಿ ಬಳಸುವವರಿಗೆ ಅನುಕೂಲವಾಗಲೆಂದು ಮಾಡಿದ ಏರ್ಪಾಡು ಬಾಡಿಗೆಯ ಮನೆಗಳಲ್ಲಿ ಹೀಗೆ ತಿರುಗುಮುರುಗಾಗುವುದುಂಟು.

ಮರುದಿನ ಬೆಳಗ್ಗೆ ಬಿಲ್ಲನ್ನು ಹಿಡಿದು ಮೆಟ್ಟಿಲು ಹತ್ತಿದೆ. ಐವತ್ತೆಂಟು ವರ್ಷ ವಯಸ್ಸಿನ ಮಂಡಿಗಿಂತ ಮನಸ್ಸೇ ಹೆಚ್ಚು ಭಾರವಾಗಿತ್ತು. ಲೆಕ್ಕವನ್ನು ಅವರ ಮುಂದಿಟ್ಟು, “ಕೇಳದೆ ಬರೆದದ್ದು ನನ್ನ ತಪ್ಪು. ನಿಮಗೆ ಹೇಳುವುದೇನಾದರೂ ಇದ್ದರೆ ಹೇಳಿ” ಎಂದೆ. ಹುಡುಗ ಸಂಕೋಚಪಟ್ಟು, “ಪರವಾಗಿಲ್ಲ ಸಾರ್” ಎಂದ. ಅವನ ತಾಯಿ ಮಾತ್ರ ಬಾಗಿಲ ಮರೆಯಿಂದ ಈಚೆಗೆ ಬಂದರು.

“ತಪ್ಪು ತಿಳೀಬೇಡಿ ರಾಯರೇ. ನೀವು ಬೆಳಗ್ಗೆ ಮೋಟರು ಹಾಕಿ ವಾಕಿಂಗ್ ಹೋಗುತ್ತೀರಿ. ತೊಟ್ಟಿ ತುಂಬಿ ಆ ಕಡೆಯ ಕೊಳವೆಯಲ್ಲಿ ನೀರು ದಬದಬನೆ ಬೀಳುತ್ತದೆ. ದಿನಾ ಕೇಳುತ್ತಾ ಮಲಗಿರುತ್ತೇನೆ. ಮನೆ ನಿಮ್ಮದು, ನಾವು ಹೇಳುವುದು ಹೇಗೆ ಎಂದು ಸುಮ್ಮನಿದ್ದೆ.”

ಅವರು ಬಂದು ಮೂರು ವರ್ಷವಾಗಿತ್ತು. ಮೂರು ವರ್ಷವೂ ಕಾವೇರಿಯ ನೀರು, ಅಷ್ಟು ದೂರದಿಂದ ಅಷ್ಟು ಎತ್ತರಕ್ಕೆ ಹತ್ತಿ ಬಂದದ್ದು, ನನ್ನ ತಾರಸಿಯಿಂದ ಚರಂಡಿಗೆ ಇಳಿದುಹೋಗುತ್ತಿದ್ದಿತು. ಅದನ್ನು ಬಲ್ಲವರು ಮನೆಯಲ್ಲಿಯೇ ಇದ್ದರು. ಕೇಳಿದವರಿರಲಿಲ್ಲ, ಅಷ್ಟೆ. ಅಂದಿನಿಂದ ಮೋಟರು ನಿಲ್ಲಿಸುವ ಕೆಲಸವನ್ನು ಆ ತಾಯಿಯೇ ವಹಿಸಿಕೊಂಡರು. ಎರಡು ತಿಂಗಳಲ್ಲಿ ನಮ್ಮ ಬಳಕೆ 26,000 ಲೀಟರಿಗೆ ಇಳಿಯಿತು.

ಪ್ರಜೆಗಳ ಅಭಿಪ್ರಾಯ ಕೇಳುವುದೆಂದರೆ ಅವರ ಸಮಾಧಾನಕ್ಕಾಗಿ ನಡೆಸತಕ್ಕ ಒಂದು ಉಪಚಾರವೆಂದು ಅದುವರೆಗೆ ನಾನು ತಿಳಿದಿದ್ದೆ. ಹಾಗಲ್ಲ. ನೀರು ಎಲ್ಲಿ ಸೋರುತ್ತದೆ, ಯಾವ ಗಲ್ಲಿಗೆ ಹತ್ತುವುದಿಲ್ಲ, ಯಾರ ಮೀಟರು ಸುಳ್ಳು ಹೇಳುತ್ತದೆ ಎಂಬುದು ಕಚೇರಿಯ ಕಡತಕ್ಕಿಂತ ಮುಂಚೆ ಬೀದಿಯವರಿಗೆ ಗೊತ್ತು. ದರ ಏರಿಸುವವನು ಬಂದು ಕೂತು ಕೇಳಿದರೆ, ಎಷ್ಟು ಏರಿಸಬೇಕೆಂಬುದರ ಜೊತೆಗೆ ಎಷ್ಟು ಏರಿಸಬೇಕಾಗಿಲ್ಲವೆಂಬುದೂ ತಿಳಿದೀತು.

ಬಿನ್ನವತ್ತಳೆಯನ್ನು ಹರಿದುಹಾಕಿ ಮತ್ತೆ ಬರೆಯಲು ಕೂತೆ. ಪಾತ್ರೆ ತೊಳೆಯುತ್ತಿದ್ದ ನಮ್ಮ ಕೆಲಸದಾಕೆಯನ್ನು, “ನಿಮ್ಮ ಕಡೆ ನೀರಿನ ದರ ಹೇಗಮ್ಮಾ?” ಎಂದು ಕೇಳಿದೆ. ಆಕೆ ನಕ್ಕು, “ನಮಗೆ ಬಿಲ್ಲೆಲ್ಲಿ ಬರುತ್ತೆ ಸ್ವಾಮಿ? ನಲ್ಲಿ ಇದ್ದರಲ್ಲವೇ! ಟ್ಯಾಂಕರು ಬಂದರೆ ವಠಾರದವರೆಲ್ಲ ಹಂಚಿಕೊಂಡು ಕೊಡುತ್ತೇವೆ” ಎಂದಳು. ಕೊಳವೆಬಾವಿಗಳು ಬತ್ತಿದ 2024ರ ಬೇಸಗೆ ನೆನಪಿಗೆ ಬಂದಿತು. ಆ ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರುಗಳಿಗೆ ಕಟ್ಟಿದ ದರವೇ ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ; ಎಂದರೆ ಲೀಟರಿಗೆ ಹತ್ತು ಪೈಸೆ. ಅದೇ ಕಾಲದಲ್ಲಿ ನನ್ನ ನಲ್ಲಿಯ ಮೊದಲ 8,000 ಲೀಟರಿನ ದರ ಲೀಟರಿಗೆ 0.70 ಪೈಸೆ. ಅವಳು ಕೊಡತಕ್ಕುದರ ಹದಿನಾಲ್ಕನೆಯ ಒಂದು ಪಾಲನ್ನು ಕೊಡುತ್ತಿದ್ದ ನಾನು ರಾಮಮಂದಿರದಲ್ಲಿ ನಿಂತು ನ್ಯಾಯ ಕೇಳಿದ್ದೆ. ಅವಳನ್ನು ಆ ಸಭೆಗೆ ಕರೆಯಬೇಕೆಂದು ನಮಗಾರಿಗೂ ತೋರಿರಲಿಲ್ಲ.

ಹೊಸ ಬಿನ್ನವತ್ತಳೆ ಚಿಕ್ಕದು. ಮುಂದೆ ದರ ಏರಿಸುವ ಮುನ್ನ ಲೆಕ್ಕವನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಒಂದು ತಿಂಗಳ ಅವಕಾಶ ಕೊಟ್ಟು ಬೀದಿಯವರ ಮಾತು ಕೇಳಿ, ಪ್ರತಿಯೊಂದಕ್ಕೂ ಬರೆಹದಲ್ಲಿ ಉತ್ತರ ಕೊಡಬೇಕು. ನಲ್ಲಿಯಿಲ್ಲದವರನ್ನೂ ಬಾಡಿಗೆಯವರನ್ನೂ ಮೊದಲು ಕರೆದು ಕೇಳಬೇಕು. ‘ದರ ಏರಿಸಲೇ ಕೂಡದು’ ಎಂಬ ಹಳೆಯ ಸಾಲನ್ನು ನಾನು ಬಿಟ್ಟುಬಿಟ್ಟೆ. ಈ ಸಲದ ರುಜುಗಳಲ್ಲಿ ಮೊದಲನೆಯದು ಮೇಲುಮಹಡಿಯ ತಾಯಿಯದು; ಎರಡನೆಯದು ನಮ್ಮ ಕೆಲಸದಾಕೆಯ ಹೆಬ್ಬೆಟ್ಟು.

ಅದಕ್ಕೆ ಉತ್ತರ ಬರುವಾಗ ಬರಲಿ. ನಮ್ಮ ಮನೆಯಲ್ಲಂತೂ ತಿಂಗಳ ಬಿಲ್ಲು ಬಂದೊಡನೆ ಅದನ್ನು ಮೆಟ್ಟಿಲ ಬಳಿಯ ಮೊಳೆಗೆ ಸಿಕ್ಕಿಸುತ್ತೇನೆ. ಎರಡು ದಿನ ಅಲ್ಲಿಯೇ ಇರುತ್ತದೆ. ಯಾರೂ ಏನೂ ಹೇಳದಿದ್ದರೆ ಮೂರನೆಯ ದಿನ ನೀರಿನ ಬಾಬನ್ನು ಪುಸ್ತಕಕ್ಕೆ ಏರಿಸುತ್ತೇನೆ.