ಅಜ್ಜನ ಕಡೆ ತಿರುಗಿದ ಪರದೆ

ಹೋದ ಚಳಿಗಾಲ ದೂಧಗಂಗೆಯ ದಂಡೆಯ ಒಂದು ಗಾಣದ ಮನೆಯಲ್ಲಿ ಒಲೆಯ ಮುಂದೆ ಕೂತಿದ್ದೆವು. ಕಡಾಯಿಯಲ್ಲಿ ಹಾಲು ಕುದಿಯುತ್ತಿತ್ತು. ಕಬ್ಬಿನ ಹಾಲನ್ನೇ ನಮ್ಮ ಕಡೆ ಹಾಲು ಅನ್ನುವುದು. ಒಬ್ಬ ಮುದುಕ ಒಣ ಸಿಪ್ಪೆಯನ್ನು ಹಿಡಿ ಹಿಡಿಯಾಗಿ ಉರಿಗೆ ನೂಕುತ್ತಿದ್ದ. ಪುಣೆಯಿಂದ ಬಂದಿದ್ದ ಅಕ್ಕನ ಮಗ ಮಾತ್ರ ಬೆಂಕಿ ಬಿಟ್ಟು ಫೋನನ್ನೇ ನೋಡುತ್ತ ಕೂತಿದ್ದ. ಅವನೂ ಅವನ ಗೆಳೆಯರೂ ಸೇರಿ ರೈತರಿಗಾಗಿ ಒಂದು ಆ್ಯಪ್ ಮಾಡಿದ್ದಾರೆ.

"ಮಾಮಾ, ಎಲ್ಲಾರೂ ಐದಕ್ಕ ಐದು ಚುಕ್ಕಿ ಕೊಟ್ಟಾರ. ಆದ್ರ ಎರಡನೇ ಸಲ ಯಾರೂ ತೆರೆದು ನೋಡಿಲ್ಲ. ಏನ್ ತಪ್ಪಾಗೇದ ಅಂತ ಕೇಳಿದ್ರ 'ಚಲೋ ಅದ' ಅಂತಾರ" ಅಂದ.

ಅವನಿಗೆ ಅವತ್ತು ಹೇಳಿದ ಸಂಗತಿಯನ್ನೇ ಇಲ್ಲಿ ಹೇಳುತ್ತಿದ್ದೇನೆ.

2002ರ ಬೇಸಿಗೆ. ನಾನು ಪಿಯುಸಿ ಮೊದಲ ವರ್ಷ ಮುಗಿಸಿ ಮನೆಯಲ್ಲಿದ್ದೆ. ಅಜ್ಜನಿಗೆ ಸೊಸೈಟಿಯಲ್ಲಿ ಬೆಳೆಸಾಲ ಹೊಸದು ಮಾಡಿಸಬೇಕಿತ್ತು. ಅದಕ್ಕೆ ಉತಾರ ಬೇಕು. ಮೈಸೂರು ಕಡೆಯವರು ಪಹಣಿ ಅನ್ನುವುದನ್ನು ನಾವು ಉತಾರ ಅನ್ನುತ್ತೇವೆ. ನದಿ ದಾಟಿ ಕಾಗಲ್ ಕಡೆ ಹೋದರೆ ಅದೇ ಸಾತಬಾರಾ. ಅಲ್ಲಿಯವರೆಗೆ ಉತಾರ ಎಂದರೆ ತಲಾಠಿ, ಅಂದರೆ ಊರ ಲೆಕ್ಕಿಗರು, ಬರೆದುಕೊಡಬೇಕು. ಅವರು ಊರಲ್ಲಿದ್ದರೆ ಸಿಕ್ಕೀತು, ಪಕ್ಕದ ಊರಿಗೆ ಹೋಗಿದ್ದರೆ ಕಾಯಬೇಕು. ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಆ ವರ್ಷದ ಹೊತ್ತಿಗೆ 'ಭೂಮಿ' ಯೋಜನೆ ಬಂದಿತ್ತು. ರಾಜ್ಯದ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರಿಗೆ ಹೋಗಿದ್ದವು. ಕೈಬರಹದ್ದು ನಡೆಯುವುದಿಲ್ಲ, ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದದ್ದನ್ನೇ ತರಬೇಕು ಎಂದಾಯಿತು.

ಯಾವ ತಾಲೂಕು ಕಚೇರಿ ಎಂದು ಹೇಳುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದರಲ್ಲಿ ಒಂದು ಎಂದುಕೊಳ್ಳಿ. ತಪ್ಪಿದೆ, ಆಗ ಐದೆಲ್ಲಿದ್ದವು? ನಿಪ್ಪಾಣಿಯವರು ಚಿಕ್ಕೋಡಿಗೆ, ಕಾಗವಾಡದವರು ಅಥಣಿಗೆ ಬರುತ್ತಿದ್ದ ಕಾಲ ಅದು. ಅವೆರಡೂ ತಾಲೂಕಾದದ್ದು 2018ರಲ್ಲಿ. ಹಾಗಾಗಿ ಮೂರರಲ್ಲಿ ಒಂದು.

ಸರತಿ ವರಾಂಡ ದಾಟಿ ಬೇವಿನ ಮರದವರೆಗೆ ಬೆಳೆದಿತ್ತು. ನಮ್ಮ ಪಾಳಿ ಬಂದಾಗ ನಾನು ಮೊದಲು ಕಂಡದ್ದು ಎರಡು ಪರದೆ. ಒಂದು ಒಳಗೆ ಕೂತ ಆಪರೇಟರನ ಮುಂದೆ, ಇನ್ನೊಂದು ಬೆನ್ನು ತಿರುಗಿಸಿ ನಮ್ಮ ಮುಂದೆ. ಅವನು ಏನು ತೆರೆದರೂ ನಮಗೆ ಕಾಣುತ್ತಿತ್ತು. ಭೂಮಿಯ ಕಿಟಕಿಗಳಲ್ಲಿ ಹೀಗೆ ಗಿರಾಕಿಯ ಕಡೆಗೊಂದು ಪರದೆ ಇಡಬೇಕು ಎಂದು ಯೋಜನೆ ಮಾಡಿದವರೇ ಗೊತ್ತುಮಾಡಿದ್ದರಂತೆ. ಸರ್ಕಾರಿ ಕಚೇರಿಯಲ್ಲಿ ಕಡತ ರೈತನ ಕಡೆ ಮುಖ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆದರೆ ಒಂದು ತೊಡಕಿತ್ತು. ಅಜ್ಜ ಕಲಿತದ್ದು ಮುಂಬೈ ರಾಜ್ಯದ ಕಾಲದ ಮರಾಠಿ ಶಾಲೆಯಲ್ಲಿ. ಮನೆಮಾತು ಕನ್ನಡ, ಜಗಳ ಕನ್ನಡ, ದೇವರಿಗೆ ಬೇಡಿಕೊಳ್ಳುವುದೂ ಕನ್ನಡ. ಓದಲು ಬರುತ್ತಿದ್ದದ್ದು ಮಾತ್ರ ಬಾಳಬೋಧ, ಅಂದರೆ ಮರಾಠಿ ಬರೆಯುವ ದೇವನಾಗರಿ. ಆ ಸರತಿಯಲ್ಲಿ ಅಂಥವರು ಅವನೊಬ್ಬನೇ ಅಲ್ಲ. ಪರದೆ ಅವರ ಕಡೆ ತಿರುಗಿತ್ತು, ಅಕ್ಷರ ತಿರುಗಿರಲಿಲ್ಲ.

ಅಜ್ಜ ಅಕ್ಷರಗಳ ಕಡೆ ನೋಡಲೇ ಇಲ್ಲ. ಅಂಕಿ ಹಿಡಿದು ಕೆಳಗಿಳಿದ. ಸರ್ವೆ ನಂಬರಿನ ಒಟ್ಟು ಕ್ಷೇತ್ರ 6 ಏಕರೆ 24 ಗುಂಟೆ. ಒಂಬತ್ತನೇ ಕಾಲಮ್ಮಿನಲ್ಲಿ ಅವನದೂ ತಮ್ಮನದೂ ಪಾಲು. ತಮ್ಮನ ಮುಂದೆ 3-12. ಅವನ ಮುಂದೆ 3-21.

ಬೆರಳು ಅಲ್ಲಿ ನಿಂತಿತು.

"ತಮ್ಮಾ, ಕೂಡಿಸಿ ನೋಡು. ಮ್ಯಾಲ ಇಪ್ಪತ್ನಾಕು, ಕೆಳಗ ಮೂವತ್ಮೂರು. ಒಂಬತ್ತು ಗುಂಟೆ ಎಲ್ಲಿಂದ ಬಂತು?"

ಹಿಂದೆ ನಿಂತವರು ನಕ್ಕರು. "ಸುಮ್ಮನಿರೋ ಮುತ್ಯಾ, ಪುಕ್ಕಟೆ ಒಂಬತ್ತು ಗುಂಟೆ ಬಂದಾವು, ಮಡಚಿ ಕಿಸೆದಾಗ ಇಟ್ಕೊ!" ಅಜ್ಜ ತಿರುಗಿ ನೋಡಿ ಅಂದದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಸರ್ಕಾರ ಹೊಲ ಹಡೀತದೇನೋ? ಇವತ್ತ ಹಾಳ್ಯಾಗ ಹೆಚ್ಚಿಗಿ ಬಂದದ್ದು ನಾಳೆ ತಮ್ಮನ ಬದುವಿಗೆ ಹೋಗಿ ಕುಂದರತೈತಿ."

ಆಪರೇಟರ್ ಹುಡುಗ ನನಗಿಂತ ಐದಾರು ವರ್ಷ ದೊಡ್ಡವನಿರಬಹುದು. ಕೈ ನಿಲ್ಲಿಸಿದ. ಇನ್ನೊಂದು ಗುಂಡಿ ಒತ್ತಿದ್ದರೆ ಕಾಗದ ಹೊರಗೆ ಬಂದು, ರುಜು ಬಿದ್ದು, ಅದೇ ಸತ್ಯವಾಗಿಬಿಡುತ್ತಿತ್ತು. ಹಳೆಯ ಕೈಬರಹದಲ್ಲೇ ಹಾಗಿತ್ತೋ, ಏರಿಸುವಾಗ ಅಂಕಿ ಅದಲುಬದಲಾಯಿತೋ, ತಪ್ಪು ಯಾರದೆಂದು ಕೊನೆಗೂ ತಿಳಿಯಲಿಲ್ಲ. ಅಜ್ಜನಿಗೆ ಅದು ಬೇಕಾಗಿಯೂ ಇರಲಿಲ್ಲ. ತಿದ್ದುಪಡಿಗೆ ಅರ್ಜಿ ಕೊಟ್ಟ.

ಆ ಅರ್ಜಿಯ ಬೆನ್ನು ಹತ್ತಿ ನಾನು ಆ ಬೇಸಿಗೆಯೆಲ್ಲ ಅಲ್ಲಿಗೆ ಓಡಾಡಿದೆ. ಹಾಗೆ ಹೋದಾಗಲೆಲ್ಲ ಸರತಿಯ ಮುದುಕರು "ಏ ಓದೋ ಹುಡುಗಾ, ಇಲ್ಲಿ ಬಾ" ಎಂದು ಕರೆದು ಪರದೆ ಓದಿಸಿಕೊಳ್ಳುತ್ತಿದ್ದರು. ಆಪರೇಟರ್ ಅದನ್ನು ನೋಡಿದ. ಒಂದು ದಿನ ತಾನೇ ಶುರುಮಾಡಿದ: ಪ್ರಿಂಟ್ ಕೊಡುವ ಮೊದಲು ಹೆಸರು, ತಂದೆ ಹೆಸರು, ಸರ್ವೆ ನಂಬರು, ಏಕರೆ ಗುಂಟೆ, ಎಲ್ಲವನ್ನೂ ಗಟ್ಟಿಯಾಗಿ ಓದುವುದು. ಯಾರೂ ಹೇಳಿಕೊಟ್ಟದ್ದಲ್ಲ. ಫಲ ತಕ್ಷಣ ಕಂಡಿತು. ಕಿವಿಗೆ ಬಿದ್ದರೆ ಜನ ತಪ್ಪು ಹಿಡಿಯುತ್ತಾರೆ. "ಅಪ್ಪಾಸಾಬ ಅಲ್ಲರೀ, ಅಪ್ಪಾಸಾಹೇಬ. ಅಪ್ಪಾಸಾಬ ನಮ್ಮ ಕಾಕಾ, ಅಂವ ಸತ್ತು ಹತ್ತ ವರ್ಷಾತು." ಗಡಿನಾಡಿನ ಹೆಸರುಗಳೇ ಹಾಗೆ. ಮರಾಠಿ ಬಾಯಲ್ಲಿ ಹುಟ್ಟಿ ಕನ್ನಡ ಲಿಪಿಗೆ ಬರುವಷ್ಟರಲ್ಲಿ ಒಬ್ಬ ಇಬ್ಬರಾಗಿರುತ್ತಾನೆ.

ಮುಂದಿನದು ನನಗೆ ಹೆಚ್ಚು ನೆನಪಿರುವುದು.

ಒಂದು ದಿನ ಒಬ್ಬ ಹೆಣ್ಣುಮಗಳು ಬಂದಿದ್ದಳು. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ, ವಾರಸಾ ಆಗಿ ಹೊಲ ಆಗತಾನೇ ಅವಳ ಹೆಸರಿಗೆ ಬಂದಿತ್ತು. ಹುಡುಗ ಎಂದಿನಂತೆ ಗಟ್ಟಿಯಾಗಿ ಓದುತ್ತ ಹೋದ. ಹೆಸರು ಬರೋಬರಿ, ಕ್ಷೇತ್ರ ಬರೋಬರಿ. ಅದೇ ಓಟದಲ್ಲಿ ಹನ್ನೊಂದನೇ ಕಾಲಮ್ಮಿಗೂ ಹೋದ. ಅಲ್ಲಿರುವುದು ಬೋಜಾ. ಯಾವ ಬ್ಯಾಂಕು, ಎಷ್ಟು ಸಾಲ, ಎಲ್ಲವೂ ವರಾಂಡಕ್ಕೆಲ್ಲ ಕೇಳಿಸಿತು. ಸರತಿ ಸುಮ್ಮನಾಯಿತು. ಅವಳು ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡು, ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಯಾರ ಮುಖವನ್ನೂ ನೋಡದೆ ಹೋದಳು.

ಗೋಡೆಗೆ ದೂರಿನ ಪೆಟ್ಟಿಗೆಯೊಂದು ತೂಗುಹಾಕಿತ್ತು. ಅವಳು ಅದರಲ್ಲಿ ಏನನ್ನೂ ಹಾಕಲಿಲ್ಲ. ಯಾರೂ ಹಾಕುತ್ತಿರಲಿಲ್ಲ, ಒಮ್ಮೆ ಅದನ್ನು ತೆರೆದಾಗ ಒಳಗಿದ್ದದ್ದು ಎರಡು ಬೀಡಿ ತುಂಡು, ಒಂದು ಬಸ್ ಟಿಕೀಟು. ಆದರೆ ಮರುದಿನದಿಂದ ಹುಡುಗ ಕ್ಷೇತ್ರ ಓದಿ ಮುಗಿಸುತ್ತಿದ್ದಂತೆ ಕಿಟಕಿಯಲ್ಲಿದ್ದವರು "ಆತು ಬಿಡ್ರಿ, ಹೊಡೀರಿ" ಅನ್ನತೊಡಗಿದರು. ಬೋಜಾ ಸರಿಯಿದೆಯೋ ಇಲ್ಲವೋ, ತೀರಿಸಿದ ಸಾಲ ಇನ್ನೂ ಕೂತಿದೆಯೋ ಎಂದು ನೋಡಬೇಕಾದ ಜಾಗದಲ್ಲೇ ಅವಸರ ಮಾಡುತ್ತಿದ್ದರು. ಎರಡು ಮೂರು ದಿನ ಅವನು ಅದನ್ನು ಕೇಳಿಸಿಕೊಂಡ. ಆಮೇಲೆ ಒಂದು ಪೆನ್ಸಿಲ್ ತಂದ. ಹೆಸರು, ಕ್ಷೇತ್ರ ಗಟ್ಟಿಯಾಗಿ. ಹನ್ನೊಂದನೇ ಕಾಲಮ್ಮು ಬಂದಾಗ ಬಾಯಿ ಮುಚ್ಚಿ, ಕಿಟಕಿಯಿಂದ ಕೈ ಚಾಚಿ, ನಮ್ಮ ಕಡೆಯ ಪರದೆಯ ಮೇಲೆ ಪೆನ್ಸಿಲ್ ತುದಿ ಇಟ್ಟು ಸುಮ್ಮನಿರುತ್ತಿದ್ದ. ಅಂಕಿಯಾದ್ದರಿಂದ ಬಾಳಬೋಧದವರಿಗೂ ಅರ್ಥವಾಗುತ್ತಿತ್ತು. ತಲೆ ಆಡಿಸಿದರೆ ಪ್ರಿಂಟು.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಅಕ್ಕನ ಮಗ ಸುಮ್ಮನಿರಲಿಲ್ಲ. "ಹಂಗಾರ ಜನರನ್ನ ಕೇಳಬಾರದೇನು?" ಅಂದ. ಕೇಳಬಾರದು ಎಂದು ನಾನೆಲ್ಲಿ ಹೇಳಿದೆ? ಅದೇ ಭೂಮಿಯ ಕಿಟಕಿಗಳ ಬಗ್ಗೆ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್, ಸ್ಯಾಮ್ಯುಯೆಲ್ ಪಾಲ್ 1994ರಲ್ಲಿ ಕಟ್ಟಿದ ಸಂಸ್ಥೆ, 2002ರಲ್ಲೇ ಬಳಕೆದಾರರನ್ನು ಕೇಳಿ ವರದಿ ಬರೆದಿತ್ತು. ಕೈಬರಹದ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ನೂರಕ್ಕೆ 66, ಕಿಟಕಿಗೆ ಬಂದವರಲ್ಲಿ 3. ಕೇಳಲು ಹೋದವರು 'ಚಲೋ ಅದಯೇನ್ರಿ' ಎಂದು ಕೇಳಿದ್ದರೆ ಈ ಲೆಕ್ಕ ಸಿಗುತ್ತಿರಲಿಲ್ಲ. ಎಷ್ಟು ಕೊಟ್ಟಿರಿ, ಯಾರನ್ನು ಕಂಡಿರಿ, ತಪ್ಪಿತ್ತೇ ಎಂದು ಕೇಳಿದ್ದಕ್ಕೆ ಸಿಕ್ಕಿತು. ಮನೆಗೆ ಬಂದವರನ್ನು 'ಊಟ ಹೆಂಗಿತ್ತು' ಎಂದು ಕೇಳಿದರೆ ನಮ್ಮ ಕಡೆ ಯಾರಾದರೂ ಉಪ್ಪು ಕಡಿಮೆ ಎನ್ನುತ್ತಾರೆಯೇ? ನಿನ್ನ ಐದು ಚುಕ್ಕಿ ಆ ಊಟದ ಉತ್ತರ ಕಣೋ, ಅಂದೆ.

ಅವನು ಫೋನನ್ನು ಸಿಪ್ಪೆ ನೂಕುತ್ತಿದ್ದ ಮುದುಕನ ಕೈಗೆ ಕೊಟ್ಟ. ಏನೂ ಹೇಳಿಕೊಡಲಿಲ್ಲ, ಅದೊಂದು ಒಳ್ಳೆಯದು ಮಾಡಿದ. ಮುದುಕ ಬೆಂಕಿಯ ಬೆಳಕಿಗೆ ಹಿಡಿದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಹೆಬ್ಬೆರಳಿನಲ್ಲಿ ಒಂದು ಕಡೆ ಒತ್ತಿದ, ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದ. ನಂತರ ಪರದೆಯನ್ನು ಧೋತರದ ಅಂಚಿನಿಂದ ಒರೆಸಿ ವಾಪಸು ಕೊಡುತ್ತ, "ಚಲೋ ಅದ" ಅಂದ. ಹುಡುಗ ನನ್ನ ಕಡೆ ನೋಡಿದ. ನಾನು ಕಡಾಯಿಯ ಕಡೆ ನೋಡಿದೆ.

ಅಂದಹಾಗೆ, ಅಜ್ಜನ ಉತಾರ ಆ ಮಳೆಗಾಲ ಸರಿಯಾಯಿತು. 3 ಏಕರೆ 12 ಗುಂಟೆ. ತಿದ್ದಿದ ಪ್ರತಿಗೆ ಮತ್ತೆ 15 ರೂಪಾಯಿ ಕೊಟ್ಟೆವು.