ಅಮ್ಮನಿಗೆ ಕೇಳಿಸಿದ ಸದ್ದು ಯಾವುದು?

ಮಕ್ಕಳೇ, ನಿಮ್ಮ ಮನೆಯ ಸ್ಮಾರ್ಟ್‌ಫೋನಿಗೆ ಕರೆ ಬಂದಾಗ ಅದು ಸದ್ದನ್ನೇ ಮಾಡದೆ ಸುಮ್ಮನೆ ಕುಳಿತದ್ದುಂಟೇ? “ಎಷ್ಟು ಸಲ ಫೋನ್ ಮಾಡಿದೆ, ಯಾಕೆ ಎತ್ತಲಿಲ್ಲ?” ಎಂದು ಯಾರಾದರೂ ಬೈದದ್ದುಂಟೇ? ನನಗೂ ಒಮ್ಮೆ ಹಾಗಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಅಮ್ಮ ಬೈಯಲಿಲ್ಲ. ಸರಿಯಾಗಿ ಮಾತನಾಡುವುದನ್ನೇ ಬಿಟ್ಟರು.

ಅದು 2023ರ ಜುಲೈ ತಿಂಗಳು. ನಮ್ಮ ಮನೆ ಶಿವಮೊಗ್ಗದಲ್ಲಿ. ಅಪ್ಪಯ್ಯ ಮತ್ತು ಅಮ್ಮ ಇರುವುದು ಸುಮಾರು 60 ಕಿಲೋಮೀಟರ್ ದೂರದ ತೀರ್ಥಹಳ್ಳಿಯ ಬಳಿಯ ಒಂದು ಹಳ್ಳಿಯಲ್ಲಿ. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ಅಂಗಳವೆಲ್ಲ ಪಾಚಿ ಕಟ್ಟಿತ್ತು. ಒಂದು ರಾತ್ರಿ ಕೊಟ್ಟಿಗೆಯಿಂದ ಬರುವಾಗ ಅಪ್ಪಯ್ಯ ಜಾರಿ ಬಿದ್ದರು. ಕಾಲು ಊರಲು ಆಗಲಿಲ್ಲ. ಅಮ್ಮ ಜಗಲಿಯ ಮೂಲೆಯಲ್ಲಿ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು, ಇರಚಲಿಗೆ ನೆನೆಯುತ್ತಾ ನನಗೆ ಮೂರು ಸಲ ಕರೆ ಮಾಡಿದರು. ನನ್ನ ಹೆಂಡತಿ ಆಸ್ಪತ್ರೆಯೊಂದರಲ್ಲಿ ನರ್ಸ್. ಆ ದಿನ ಅವಳಿಗೆ ರಾತ್ರಿ ಪಾಳಿ, ಫೋನು ಬೀರುವಿನಲ್ಲಿತ್ತು. ನನ್ನ ಫೋನು ಮಾತ್ರ ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು. ಅದು ಒಮ್ಮೆಯೂ ಸದ್ದು ಮಾಡಲಿಲ್ಲ. ಕೊನೆಗೆ ಪಕ್ಕದ ಮನೆಯವರು ಜೀಪಿನಲ್ಲಿ ಅಪ್ಪಯ್ಯನನ್ನು ಆಸ್ಪತ್ರೆಗೆ ಕರೆದೊಯ್ದರು. ಪಾದದ ಕೀಲಿನ ಹತ್ತಿರ ಮೂಳೆ ಮುರಿದಿತ್ತು.

ಬೆಳಿಗ್ಗೆ ನಾನು ಓಡಿಹೋದಾಗ ಅಮ್ಮ ಹೇಳಿದ್ದು ಒಂದೇ ಮಾತು: “ನಿನ್ನ ಫೋನು ಟ್ರಿಣ್ ಟ್ರಿಣ್ ಅಂತಾನೇ ಇತ್ತು ಮಗಾ. ನೀನು ಎತ್ತಲಿಲ್ಲ.”

“ಇಲ್ಲಮ್ಮ, ಸದ್ದೇ ಬರಲಿಲ್ಲ” ಎಂದೆ. ಅಮ್ಮ ನಂಬಲಿಲ್ಲ. ಅವರು ಕಿವಿಯಾರೆ ಕೇಳಿದ್ದರಲ್ಲ!

ಊರಿಗೆ ಮರಳಿದ ಮೇಲೆ ಏಳನೇ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು, “ಅಪ್ಪ, ಫೋನು ಕೆಟ್ಟಿದೆ ಅಂತ ಅಂಗಡಿಗೆ ಕೊಡುವ ಮೊದಲು ನಾವೇ ಪರೀಕ್ಷೆ ಮಾಡೋಣ. ಒಂದು ಸಲಕ್ಕೆ ಒಂದೇ ಸಂಗತಿ ನೋಡೋಣ” ಎಂದು ನೋಟ್ ಪುಸ್ತಕ ತಂದು ಕುಳಿತಳು.

ಮೊದಲು ಕರೆಗಳ ಪಟ್ಟಿ ನೋಡಿದೆವು. ಅಮ್ಮನ ಮೂರೂ ಕರೆಗಳು ಅಲ್ಲಿದ್ದವು. ರಾತ್ರಿ 10 ಗಂಟೆಯ ನಂತರ ಬಂದವು. ಅಂದರೆ ಕರೆ ನನ್ನ ಫೋನಿನವರೆಗೂ ತಲುಪಿತ್ತು. ಸಿಗ್ನಲ್ ಇತ್ತು, ಸಿಮ್ ಸರಿಯಾಗಿತ್ತು, ಕರೆ ಬೇರೆ ಸಂಖ್ಯೆಗೆ ತಿರುಗಿ ಹೋಗಿರಲಿಲ್ಲ, ಫೋನು ವಿಮಾನ ಮೋಡ್‌ನಲ್ಲೂ ಇರಲಿಲ್ಲ. ನೋಡಿ, ಒಂದೇ ಪುರಾವೆಯಿಂದ ನಾಲ್ಕು ಅನುಮಾನಗಳು ಹೋದವು!

ಎರಡನೆಯದಾಗಿ ಒಂದು ಹಾಡು ಹಾಕಿದೆವು. ಚೆನ್ನಾಗಿ ಕೇಳಿಸಿತು. ಸ್ಪೀಕರ್ ಕೆಟ್ಟಿರಲಿಲ್ಲ, ಅದರ ರಂಧ್ರಗಳಲ್ಲಿ ದೂಳೂ ಕಟ್ಟಿರಲಿಲ್ಲ. ಆದರೆ ಹಾಡಿನ ಸದ್ದಿನ ಮಟ್ಟ ಬೇರೆ, ಕರೆಗಂಟೆಯ ಸದ್ದಿನ ಮಟ್ಟ ಬೇರೆ. ಒಂದು ಜೋರಾಗಿದ್ದು ಇನ್ನೊಂದು ಸೊನ್ನೆಯಾಗಿರಬಹುದು. ಆದ್ದರಿಂದ ಅದನ್ನೂ ತೆರೆದು ನೋಡಿದೆವು. ಪೂರ್ತಿ ಇತ್ತು. ಸೈಲೆಂಟ್ ಇರಲಿಲ್ಲ. ಸದ್ದು ಬ್ಲೂಟೂತ್ ಮೂಲಕ ಬೇರೆ ಸ್ಪೀಕರಿಗೆ ಹೋಗಿರಬಹುದೇ? ಬ್ಲೂಟೂತ್ ಆಫ್ ಆಗಿತ್ತು.

ಮೂರನೆಯದಾಗಿ ನನ್ನ ಹೆಂಡತಿಯ ಫೋನಿನಿಂದ ಕರೆ ಮಾಡಿದೆವು. ನನ್ನ ಫೋನು ಜೋರಾಗಿ ಸದ್ದು ಮಾಡಿತು. ಅಮ್ಮನಿಗೆ ಹೇಳಿ ಅವರಿಂದಲೂ ಕರೆ ಮಾಡಿಸಿದೆವು. ಆಗಲೂ ಸದ್ದು ಮಾಡಿತು!

“ಎಲ್ಲ ಸರಿಯಾಗಿದೆ. ಆ ದಿನ ಮಳೆಗೆ ಏನೋ ಆಗಿರಬೇಕು” ಎಂದು ನಾನು ಏಳಲು ಹೊರಟೆ. ಮಗಳು ಬಿಡಲಿಲ್ಲ. “ಅಪ್ಪ, ಅಜ್ಜಿ ಫೋನ್ ಮಾಡಿದ್ದು ರಾತ್ರಿ. ನಾವು ನೋಡ್ತಿರೋದು ಹಗಲು. ಅದೂ ಒಂದು ವ್ಯತ್ಯಾಸ ಅಲ್ವಾ?”

ನನಗೆ ಹೊಳೆಯದೇ ಇದ್ದದ್ದು ಅದೇ. ತೊಂದರೆ ಕಾಣಿಸಿಕೊಂಡಾಗ ಪರಿಸ್ಥಿತಿ ಹೇಗಿತ್ತೋ ಹಾಗೆಯೇ ಇಟ್ಟುಕೊಂಡು ಪರೀಕ್ಷಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಆ ರಾತ್ರಿ 10 ಗಂಟೆಗೆ ಎರಡೂ ಫೋನುಗಳಿಂದ ಮತ್ತೆ ಕರೆ ಮಾಡಿಸಿದೆವು. ಮಗಳು ನೋಟ್ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಳು:

ಹಗಲು, ಅಮ್ಮನ ಕರೆ: ಸದ್ದು ಬಂತು.
ಹಗಲು, ಅಜ್ಜಿಯ ಕರೆ: ಸದ್ದು ಬಂತು.
ರಾತ್ರಿ, ಅಮ್ಮನ ಕರೆ: ಸದ್ದು ಬಂತು.
ರಾತ್ರಿ, ಅಜ್ಜಿಯ ಕರೆ: ಸದ್ದಿಲ್ಲ!

ಹಾಗಾದರೆ ಫೋನಿನೊಳಗೆ ಹೊತ್ತನ್ನೂ ಗುರುತಿಸುವ, ವ್ಯಕ್ತಿಯನ್ನೂ ಗುರುತಿಸುವ ಏನೋ ಒಂದು ಇರಬೇಕು. ಆಗಲೇ ಪರದೆಯ ಮೇಲ್ತುದಿಯಲ್ಲಿ ಒಂದು ಪುಟ್ಟ ಗುರುತು ಕಂಡಿತು: ವೃತ್ತದೊಳಗೆ ಒಂದು ಅಡ್ಡಗೆರೆ. ಹಗಲಿನಲ್ಲಿ ಅದು ಇರಲಿಲ್ಲ. ಅದು ‘ಡು ನಾಟ್ ಡಿಸ್ಟರ್ಬ್’, ಅಂದರೆ ‘ತೊಂದರೆ ಕೊಡಬೇಡಿ’ ಎಂಬ ವ್ಯವಸ್ಥೆಯ ಗುರುತು. ಸೆಟ್ಟಿಂಗ್ಸ್ ತೆರೆದು ನೋಡಿದರೆ ಅಲ್ಲಿ ರಾತ್ರಿ 9.30ರಿಂದ ಬೆಳಿಗ್ಗೆ 5.30ರವರೆಗೆ ಎಂದು ಸಮಯ ಇತ್ತು. ನಕ್ಷತ್ರದ ಗುರುತು ಹಾಕಿದವರ ಕರೆಗೆ ಮಾತ್ರ ಸದ್ದು ಮಾಡಬೇಕು ಎಂದೂ ಇತ್ತು. ನಕ್ಷತ್ರ ಇದ್ದದ್ದು ನನ್ನ ಹೆಂಡತಿಯ ಹೆಸರಿಗೆ ಒಂದೇ.

ಇದನ್ನೆಲ್ಲ ಮಾಡಿದವರು ಯಾರು ಗೊತ್ತೇ? ನಾನೇ! ರಾತ್ರಿಯೆಲ್ಲ ಬರುತ್ತಿದ್ದ ಸಂದೇಶಗಳ ಕಿರಿಕಿರಿ ತಾಳಲಾರದೆ, ತಿಂಗಳುಗಳ ಹಿಂದೆ ಹಾಗೆ ಹೊಂದಿಸಿದ್ದೆ. ಪಾಳಿಯಲ್ಲಿರುವ ಹೆಂಡತಿಯ ಕರೆ ಬರಲಿ ಎಂದು ಅವಳ ಹೆಸರಿಗೆ ನಕ್ಷತ್ರ ಹಾಕಿದ್ದೆ. ಅಮ್ಮ ರಾತ್ರಿ ಕರೆ ಮಾಡಬೇಕಾಗಿ ಬರಬಹುದು ಎಂದು ಯೋಚಿಸಲೇ ಇಲ್ಲ. ಒಂದೇ ಸಂಖ್ಯೆಯಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಸದ್ದು ಮಾಡಲಿ ಎಂಬ ಇನ್ನೊಂದು ಅನುಕೂಲವೂ ಅಲ್ಲೇ ಇತ್ತು. ಅದನ್ನೂ ಆನ್ ಮಾಡಿರಲಿಲ್ಲ.

“ಸರಿ ಅಪ್ಪ, ಆದರೆ ಅಜ್ಜಿಗೆ ಕೇಳಿಸಿದ ಟ್ರಿಣ್ ಟ್ರಿಣ್ ಯಾವುದು?” ಎಂದಳು ಮಗಳು.

ಒಳ್ಳೆಯ ಪ್ರಶ್ನೆ. ನಮ್ಮ ಹಳ್ಳಿಯ ಮನೆಯಲ್ಲಿ ಹಿಂದೆ ತಂತಿಯ ದೂರವಾಣಿ ಇತ್ತು. ಕರೆ ಬಂದರೆ ಎಕ್ಸ್‌ಚೇಂಜಿನಿಂದ ತಂತಿಯ ಮೂಲಕ ಸುಮಾರು 75 ವೋಲ್ಟ್‌ನ ಪರ್ಯಾಯ ವಿದ್ಯುತ್ ಬರುತ್ತಿತ್ತು. ಅದು ಫೋನಿನೊಳಗಿನ ವಿದ್ಯುತ್ಕಾಂತದ ಸುರುಳಿಯಲ್ಲಿ ಹರಿದಾಗ ಪುಟ್ಟ ಸುತ್ತಿಗೆಯೊಂದು ಆಚೀಚೆ ಬಡಿದು ಗಂಟೆ ಬಾರಿಸುತ್ತಿತ್ತು. ವಿದ್ಯುತ್ ಬಂದರೆ ಗಂಟೆ ಬಾರಿಸಲೇಬೇಕು. ಯಾರ ಕರೆ, ಎಷ್ಟು ಹೊತ್ತು ಎಂದು ಅದು ನೋಡುತ್ತಿರಲಿಲ್ಲ.

ಮೊಬೈಲಿನಲ್ಲಿ ಹಾಗಲ್ಲ. ಕರೆ ಬಂದಾಗ ಆ ಪ್ರದೇಶದ ಟವರ್‌ಗಳು ರೇಡಿಯೋ ಅಲೆಗಳ ಮೂಲಕ ನಿಮ್ಮ ಫೋನನ್ನು ಕರೆಯುತ್ತವೆ, ತರಗತಿಯಲ್ಲಿ ಶಿಕ್ಷಕರು ಹಾಜರಿ ಕರೆದಂತೆ. ಫೋನು ‘ಇದ್ದೇನೆ’ ಎಂದು ಉತ್ತರಿಸುತ್ತದೆ. ಆಮೇಲೆ ‘ಇಂಥ ಸಂಖ್ಯೆಯಿಂದ ಕರೆ ಬಂದಿದೆ’ ಎಂಬ ಸಂದೇಶ ಅದಕ್ಕೆ ಬರುತ್ತದೆ. ಸದ್ದು ಗಾಳಿಯಲ್ಲಿ ಬರುವುದಿಲ್ಲ. ತನ್ನೊಳಗೆ ಇರುವ ಸದ್ದನ್ನು ಫೋನೇ ನುಡಿಸುತ್ತದೆ. ನುಡಿಸಬೇಕೋ ಬೇಡವೋ ಎಂಬುದನ್ನು ನಾವು ಹಾಕಿಟ್ಟ ನಿಯಮಗಳಂತೆ ನಡೆಸುತ್ತದೆ.

ಇನ್ನು ಕರೆ ಮಾಡಿದವರ ಕಿವಿಗೆ ಕೇಳುವ ಸದ್ದು? ಅದು ಎದುರಿನ ಫೋನಿನ ಸದ್ದಲ್ಲವೇ ಅಲ್ಲ. ‘ಕರೆ ತಲುಪಿದೆ, ಕಾಯಿರಿ’ ಎಂದು ಕರೆ ಮಾಡಿದವರಿಗೆ ತಿಳಿಸಲು ದೂರವಾಣಿ ಜಾಲ ಏರ್ಪಡಿಸುವ ಬೇರೆಯೇ ಸೂಚನೆ ಅದು. ತಂತಿಯ ಫೋನಿನ ಕಾಲದಲ್ಲೂ ಅದು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಕೆಲವರಿಗೆ ಕರೆ ಮಾಡಿದಾಗ ನಮಗೆ ಚಿತ್ರಗೀತೆ ಕೇಳಿಸುತ್ತದೆ, ಅವರ ಫೋನು ಮಾತ್ರ ಬೇರೆ ಸದ್ದು ಮಾಡುತ್ತಿರುತ್ತದೆ. ಅದೇ ಸಾಕ್ಷಿ.

ಭಾನುವಾರ ನಾವು ಹಳ್ಳಿಗೆ ಹೋದೆವು. ಅಪ್ಪಯ್ಯ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಂಚದ ಮೇಲಿದ್ದರು. ಮಗಳು ನನ್ನ ಫೋನನ್ನು ಸೈಲೆಂಟ್ ಮಾಡಿ ಅಮ್ಮನ ಮುಂದಿಟ್ಟಳು. “ಅಜ್ಜಿ, ಈಗ ನಿಮ್ಮ ಫೋನಿಂದ ಅಪ್ಪನಿಗೆ ಫೋನ್ ಮಾಡಿ.” ಅಮ್ಮ ಕರೆ ಮಾಡಿ ಫೋನನ್ನು ಕಿವಿಗೆ ಹಿಡಿದರು. ಕಣ್ಣೆದುರಿನ ಫೋನು ಸುಮ್ಮನಿತ್ತು. ಅಮ್ಮ ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ನನ್ನ ಕಿವೀಲಿ ಬಾರಿಸ್ತಾ ಇದೆಯಲ್ಲೇ!”

“ಆ ರಾತ್ರಿಯೂ ಹೀಗೇ ಆದದ್ದು ಅಜ್ಜಿ.”

“ತಪ್ಪು ಫೋನಿನದಲ್ಲಮ್ಮ. ಹಾಗೆ ಹೊಂದಿಸಿ ಮರೆತವನು ನಾನು” ಎಂದೆ. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನೀನು ಬೇಕಂತ ಎತ್ತಲಿಲ್ಲ ಅಂತ ತಿಳಿದಿದ್ದೆ ಮಗಾ” ಎಂದು ಎದ್ದು ಕಾಫಿ ಮಾಡಲು ಒಳಗೆ ಹೋದರು. ಎಷ್ಟೋ ದಿನದ ಮೇಲೆ ನನ್ನ ಎದೆ ಹಗುರವಾಯಿತು. ಅಲ್ಲೇ ಕುಳಿತು ಅಮ್ಮನ ಹೆಸರಿಗೆ ನಕ್ಷತ್ರ ಹಾಕಿದೆ. ಎರಡನೇ ಸಲದ ಕರೆಗೆ ಸದ್ದು ಮಾಡುವ ಅನುಕೂಲವನ್ನೂ ಆನ್ ಮಾಡಿದೆ. ಅವಸರದ ಹೊತ್ತಿನಲ್ಲಿ ನನ್ನ ಫೋನಿಗಾಗಿ ಕಾಯದೆ ಆಂಬುಲೆನ್ಸ್‌ಗೆ 108, ಬೇರೆ ತುರ್ತು ಸಹಾಯಕ್ಕೆ 112 ಒತ್ತಬೇಕೆಂದು ಬರೆದು ಗೋಡೆಗೆ ಅಂಟಿಸಿದೆವು.

ಮಕ್ಕಳೇ, ಈ ಪ್ರಯೋಗವನ್ನು ನೀವೂ ಮನೆಯ ಹಿರಿಯರನ್ನು ಕೇಳಿ ಮಾಡಿ ನೋಡಿ. ಎರಡು ಫೋನುಗಳಿದ್ದರೆ ಸಾಕು. ಹಾಗೆಯೇ ನಿಮ್ಮ ಮನೆಯ ಫೋನು ರಾತ್ರಿ ಹೊತ್ತು ಯಾರ ಕರೆಗೆ ಸದ್ದು ಮಾಡುತ್ತದೆ, ಯಾರ ಕರೆಗೆ ಮಾಡುವುದಿಲ್ಲ ಎಂದು ನಾಲ್ಕು ಸಾಲು ಬರೆದಿಡಿ. ದೂರದ ಊರಿನಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಸಂಖ್ಯೆಯಿಂದಲೇ ಮೊದಲು ಪರೀಕ್ಷಿಸಿ.